ಕಂಬಳಿಯ ಮೇಲಿನ ಭಂಡಾರ

ಮ್ಯಾನೇಜಮೆಂಟು ಎಂಬ ಪದ ಕಿವಿಗೆ ಬಿದ್ದರೆ ಸಾಕು, ಮಲ್ಲಾರಿಯ ಮೈಯೆಲ್ಲ ಉರಿಯುತ್ತಿತ್ತು. ಕೊಲ್ಹಾಪುರದ ಬಳಿಯ ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಎದುರು ದಿನವಿಡೀ ನಿಲ್ಲುವ ಮನುಷ್ಯ ಅವನು. ಆ ಬಿಸಿಗೆ ಒಂದು ದಿನವೂ ಗೊಣಗಿದವನಲ್ಲ. ಆದರೆ ಚಹಾದ ಹೊತ್ತಿನಲ್ಲಿ ಯಾರಾದರೂ ತಮ್ಮ ಸೀಮೆಯ ಫುಟ್‌ಬಾಲ್ ತಂಡ ಹಿರಣ್ಯಕೇಶಿ ಎಫ್‌ಸಿಯ ಮಾತೆತ್ತಿದರೆ ಮುಗಿಯಿತು, ಕೈಯಲ್ಲಿದ್ದ ಚಹಾ ಆರಿ ತಣ್ಣಗಾಗುವವರೆಗೂ ಅವನ ಬಾಯಿಗೆ ಬಿಡುವಿರುತ್ತಿರಲಿಲ್ಲ.

"ಒಂದ ವರ್ಷದಾಗ ಮೂರು ಮಂದಿ ಕೋಚ್ ಬಂದ್ರು, ಮೂರೂ ಮಂದಿ ಹೋದ್ರು. ಛಲೋ ಆಡೋ ಹುಡುಗನ್ನ ನಡು ಸೀಜನ್ನಿನಾಗ ಬ್ಯಾರೆ ತಂಡಕ್ಕ ಕೊಟ್ರು. ಹೋಗಲಿ ಅಂದ್ರ, ಹಳದಿ ಜರ್ಸಿ ತಗದು ಬದನೀಕಾಯಿ ಬಣ್ಣದ್ದು ಹಾಕ್ಯಾರ! ಜಾಹೀರಾತು ಕೊಟ್ಟಾಂವಗ ಹಳದಿ ಸೇರೂದಿಲ್ಲಂತ. ನಮ್ಮ ದೇವರಿಗೆ ಸೇರತೈತಿ, ನಮಗ ಸೇರತೈತಿ, ಇಂವ ಯಾವ ದೊಡ್ಡಾಂವ?"

"ನೀ ಇದ್ದಿದ್ರ ಏನ ಮಾಡತಿದ್ದಿ, ಮಲ್ಲಾರಿ?" ಜೊತೆಗಾರ ವಿಕಾಸ ದಿನವೂ ತಪ್ಪದೆ ಕೇಳುತ್ತಿದ್ದ. ಉತ್ತರ ಅವನಿಗೆ ಬಾಯಿಪಾಠವಾಗಿತ್ತು. ಆದರೂ ಕೆಣಕುವುದರಲ್ಲಿ ಒಂದು ಸುಖ.

"ನಾ ಇದ್ದಿದ್ರ ಒಂದ ದಿನದಾಗ ಎಲ್ಲಾ ಸರಿ ಮಾಡತಿದ್ನಿ."

ಕೊಲ್ಹಾಪುರದ ಪೇಟೆಪೇಟೆಗೂ ಒಂದೊಂದು ತಾಲೀಮು ಅಂದರೆ ಗರಡಿಮನೆ, ತಾಲೀಮಿಗೊಂದು ಫುಟ್‌ಬಾಲ್ ತಂಡ. ಅವರ ಜಂಬ ಅವರಿಗೆ. ಗಡಹಿಂಗ್ಲಜದವರಿಗೂ ಆ ಹುಚ್ಚು ಕಡಿಮೆಯಿಲ್ಲ. ಆದರೆ ಆಟಗಾರರಿಗೆ ಸಂಬಳ ಕೊಟ್ಟು ರಾಜ್ಯದ ಲೀಗಿನಲ್ಲಿ ಆಡಿಸುವ ತಂಡ ಅಂತ ಆ ಸೀಮೆಯಲ್ಲಿ ಹುಟ್ಟಿದ್ದು ಹಿರಣ್ಯಕೇಶಿಯೊಂದೇ. ಇಚಲಕರಂಜಿಯ ಜವಳಿ ಮಾಲಕರೊಬ್ಬರು ಕಟ್ಟಿದ್ದರು. ಗಡಹಿಂಗ್ಲಜದ ಮೈದಾನವನ್ನು ಹಸನು ಮಾಡುವಾಗ ಕಲ್ಲು ಆರಿಸಲು ಕೂತವರಲ್ಲಿ ಮಲ್ಲಾರಿಯೂ ಇದ್ದ. ಅಂದಿನಿಂದ ಅದು ಅವನ ತಂಡ. ಸ್ವಂತದ್ದನ್ನು ಕಣ್ಣೆದುರೇ ಹಾಳುಮಾಡುತ್ತಿದ್ದರೆ ಯಾರ ಹೊಟ್ಟೆ ಉರಿಯುವುದಿಲ್ಲ ಹೇಳಿ?

ಅವನ ಸಿಟ್ಟಿಗೆ ಒಂದು ಮುಖವೂ ಸಿಕ್ಕಿತ್ತು. ತಂಡದ ಮ್ಯಾನೇಜರ ಅವಿನಾಶ, ಇಚಲಕರಂಜಿಯ ಮಗ್ಗದ ಮನೆಯಿಂದ ಬಂದ ತೆಳ್ಳನೆಯ ಮನುಷ್ಯ, ಸದಾ ಬಿಳಿ ಅಂಗಿ. ಮಾಲಕರು ಪಂದ್ಯದ ಎರಡನೇ ಅರ್ಧದವರೆಗೆ ನಿಲ್ಲುವವರಲ್ಲ. ಬೈಸಿಕೊಳ್ಳಲು ಸಿಗುತ್ತಿದ್ದವನು ಅವಿನಾಶನೊಬ್ಬನೇ. "ಅವಿನಾಶ, ಹೋಗ ಮನಿಗೆ!" ಎಂಬ ಕೂಗನ್ನು ಗ್ಯಾಲರಿಗೆ ಕಲಿಸಿದವನೇ ಮಲ್ಲಾರಿ. ಈಗ ಹಲಗಿಯ ತಾಳಕ್ಕೆ ಸರಿಯಾಗಿ ಸಾವಿರ ಮಂದಿ ಕೂಗುತ್ತಿದ್ದರು.

ಈ ವರ್ಷ ತಂಡ ಲೀಗಿನ ತಳಕ್ಕೆ ಬಂದು ಕೂತಿತ್ತು. ಉಳಿದದ್ದು ಎರಡೇ ಪಂದ್ಯ, ಎರಡೂ ಗಡಹಿಂಗ್ಲಜದಲ್ಲೇ. ಒಂದನ್ನು ಗೆದ್ದರೂ ಸಾಕು, ಉಳಿದುಕೊಳ್ಳಬಹುದು. ಗೆಲ್ಲದಿದ್ದರೆ ಕೆಳಗಿನ ಲೀಗಿಗೆ ಜಾರಬೇಕು. ಜಾರಿದರೆ ತಂಡವನ್ನೇ ಮುಚ್ಚಿಬಿಡುವುದಾಗಿ ಮಾಲಕರು ಆಗಲೇ ಸಾರಿದ್ದರು.

ಮೊದಲನೆಯ ಪಂದ್ಯದಲ್ಲಿ ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಉಳಿದಿರುವಾಗ ಹಿರಣ್ಯಕೇಶಿಯವರು ಗೋಲು ಹೊಡೆದರು. ಮಲ್ಲಾರಿಯ ಗುಂಪು ಯಾವಾಗಲೂ ತಮ್ಮ ಗೋಲಕೀಪರ ಸಿದ್ರಾಮನ ಬೆನ್ನ ಹಿಂದೆಯೇ ಕೂರುತ್ತಿತ್ತು, ಅವನಿಗೆ ಧೈರ್ಯ ಹೇಳಲು. ಗೋಲು ಬಿದ್ದದ್ದು ಆಚೆ ತುದಿಯಲ್ಲಿ. ಮಲ್ಲಾರಿ ಕುಣಿದ, ಕೂಗಿದ, ಸೊಂಟದ ಚೀಲದಿಂದ ಬೊಗಸೆ ತುಂಬ ಭಂಡಾರ ತೆಗೆದು ಮೇಲಕ್ಕೆ ಹಾರಿಸಿದ. ಕುರಿ ಕಾಯುವ ಮನೆತನದವರು ಸಂತೋಷವಾದಾಗ ದೇವರ ಹೆಸರಲ್ಲಿ ಅರಿಸಿನ ಹಾರಿಸುವುದು ಹುಟ್ಟಿನಿಂದ ಬಂದದ್ದು. ಅವನು ಹಾರಿಸಿದ್ದನ್ನು ನೋಡಿ ಗುಂಪೆಲ್ಲ ಹಾರಿಸಿತು.

ಗಾಳಿ ಹಿಂದಿನಿಂದ ಬೀಸುತ್ತಿತ್ತು. ಹಳದಿ ಮೋಡ ಗ್ಯಾಲರಿ ದಾಟಿ, ಬಲೆ ದಾಟಿ, ನೇರ ಸಿದ್ರಾಮನ ಮೇಲೆ ಇಳಿಯಿತು. ಅಷ್ಟರಲ್ಲಿ ಆಟ ಮತ್ತೆ ಶುರುವಾಗಿ, ಎದುರಾಳಿ ನಡುಗೆರೆಯಿಂದಲೇ ಉದ್ದಕ್ಕೆ ಒದ್ದ. ಸಿದ್ರಾಮ ಎರಡೂ ಕೈಯಿಂದ ಕಣ್ಣು ಉಜ್ಜುತ್ತ ನಿಂತಿದ್ದ. ಚೆಂಡು ಅವನ ಪಕ್ಕದಲ್ಲೇ ಪುಟಿದು ಸದ್ದಿಲ್ಲದೆ ಬಲೆಗೆ ಹೋಯಿತು.

"ಅವಿನಾಶ, ಹೋಗ..." ರೂಢಿಯಂತೆ ಮಲ್ಲಾರಿಯ ಬಾಯಿ ತೆರೆಯಿತು. ಅರ್ಧಕ್ಕೆ ನಿಂತಿತು. ಎತ್ತಿದ ಕೈಗಳೆರಡೂ ಮಣಿಕಟ್ಟಿನವರೆಗೆ ಹಳದಿಯಾಗಿದ್ದವು.

ಪಂದ್ಯ ಸಮವಾಗಿ ಮುಗಿಯಿತು. ಸಿದ್ರಾಮನನ್ನು ನಳದ ಕೆಳಗೆ ಕೂರಿಸಿ ಕಣ್ಣು ತೊಳೆಯುತ್ತಿದ್ದರು. ಗುಂಪಿನವರು ಮೆಲ್ಲನೆ ಜಾರಿಕೊಂಡರು. ಮಲ್ಲಾರಿ ಹೋಗಲಿಲ್ಲ. ಲೀಗಿನ ಸಾಹೇಬರು ಕೂತಿದ್ದ ಖೋಲಿಯ ಬಾಗಿಲಿಗೆ ಹೋದ, ತಪ್ಪಾಯಿತು ಎಂದು ಹೇಳಿಬಿಡಲು. ಒಳಗೆ ಅವಿನಾಶ ನಿಂತೇ ಮಾತನಾಡುತ್ತಿದ್ದ. ಪುಡಿ ಎರಚಿದವರು ಯಾರು, ಹೆಸರು ಹೇಳಿ, ಅವರನ್ನು ಮೈದಾನಕ್ಕೆ ಕಾಲಿಡದಂತೆ ಮಾಡೋಣ ಎಂದು ಸಾಹೇಬರು ಮರಾಠಿಯಲ್ಲಿ ಒತ್ತಾಯಿಸುತ್ತಿದ್ದರು.

"ಸಾಹೇಬ, ಚೂಕ್ ಆಮಚೀ," ಎಂದ ಅವಿನಾಶ. ತಪ್ಪು ನಮ್ಮದು. ಗೋಲಿನ ಹಿಂದೆ ಕಾವಲು ಹಾಕಬೇಕಿತ್ತು, ಹಾಕಲಿಲ್ಲ. ಬೇಕಾದರೆ ನನ್ನ ಹೆಸರು ಬರೆದುಕೊಳ್ಳಿ. ಆ ಜನ ಇಲ್ಲದಿದ್ದರೆ ನಮ್ಮ ಹುಡುಗರು ಯಾರಿಗಾಗಿ ಆಡಬೇಕು ಎಂದು ಕೇಳಿದ.

ಸಾಹೇಬರು ಕೊನೆಗೆ ತೀರ್ಪು ಕೊಟ್ಟರು. ಕೊನೆಯ ಪಂದ್ಯಕ್ಕೆ ಜನ ಬರಬಹುದು. ಆದರೆ ಒಂದು ಚಿಟಿಕೆ ಪುಡಿ ಗಾಳಿಗೆ ಹಾರಿದರೂ ಆಟ ಅಲ್ಲೇ ನಿಲ್ಲುತ್ತದೆ, ಗೆಲುವು ಎದುರಿನವರದು.

ಹೊರಬಂದ ಅವಿನಾಶ ಬಾಗಿಲಲ್ಲಿ ನಿಂತಿದ್ದ ಮಲ್ಲಾರಿಯನ್ನು ನೋಡಿದ. ಅವನ ಕೈಯನ್ನೂ ನೋಡಿದ.

"ನಾನ ರೀ," ಎಂದ ಮಲ್ಲಾರಿ. "ಮೊದಲ ಹಾರಿಸಿದಾಂವ ನಾನ."

"ಗೊತ್ತೈತ್ರಿ. ನಿಮ್ಮ ಧ್ವನಿನೂ ಗೊತ್ತೈತಿ. ಎರಡು ವರ್ಷದಿಂದ ಕೇಳಾಕತ್ತೇನಿ." ಅವಿನಾಶನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾ ಮನಿಗೆ ಹೋದ್ರ ತಂಡ ಸುಧಾರಸತಿತ್ತಂದ್ರ ಯಾವಾಗೋ ಹೋಗತಿದ್ನಿರಿ. ಜರ್ಸಿ ಬಣ್ಣಕ್ಕ ನಾನೂ ಜಗಳಾಡೇನಿ. ಕೋಚ್‌ನ ಸಲವಾಗಿನೂ ಜಗಳಾಡೇನಿ. ನನ್ನ ಮಾತು ಎಲ್ಲಿ ನಡೀತೈತ್ರಿ?"

ಮಲ್ಲಾರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೈದುಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಒಂದ ಕೆಲಸಾ ಮಾಡ್ರಿ," ಎಂದ ಅವಿನಾಶ. "ಮುಂದಿನ ಪಂದ್ಯಕ್ಕ ಗೇಟು ನಿಮ್ಮದು. ಒಳಗ ಭಂಡಾರ ಹೋಗಬಾರದು. ಒಂದ ದಿನ ಮ್ಯಾನೇಜಮೆಂಟು ನೀವ ಮಾಡ್ರಿ."

ವಾರದ ರಜೆಯ ದಿನ ಮಲ್ಲಾರಿ ಇಚಲಕರಂಜಿಗೆ ಹೋದ, ಸಿದ್ರಾಮನ ಮುಖ ನೋಡಲು. ಓಣಿಯ ತುಂಬ ಮಗ್ಗಗಳ ಖಟಖಟ ಸದ್ದು. ಬಾಗಿಲು ತೆರೆದ ಸಿದ್ರಾಮನ ಹೆಂಡತಿ ರುಪಾಲಿ, ಬಂದವನು ಯಾರೆಂದು ತಿಳಿದದ್ದೇ ಒಳಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಳು. ಸಿದ್ರಾಮನ ಕಣ್ಣು ಇನ್ನೂ ಕೆಂಪಗಿತ್ತು. ಆದರೆ ಡಾಕ್ಟರು ಆಡಬಹುದು ಎಂದಿದ್ದರಂತೆ. ಮಲ್ಲಾರಿ ಕೈ ಮುಗಿದ. ಸಿದ್ರಾಮ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಗೋಲು ಆತು, ಹಾರಿಸಿದ್ರಿ. ನಾನೂ ಅಲ್ಲೇ ಕುಂತಿದ್ರ ಹಾರಿಸತಿದ್ನಿ. ಮುಂದಿನ ಸಲ ಗೆದ್ರ ಹಣೀಗೆ ಹಚ್ಚರಿ ಮಾಮಾ, ಕಣ್ಣಿಗೆ ಬ್ಯಾಡ." ಒಳಗಿನ ಪಾತ್ರೆಗಳ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಚಹಾ ಬಂತು.

ಪಂದ್ಯದ ದಿನ ಮಲ್ಲಾರಿ ಊರಿನಿಂದ ತಾಯಿ ಸಾವಿತ್ರವ್ವನನ್ನೂ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಅವಳೇ ಹಟ ಮಾಡಿ ಹೊರಟಿದ್ದಳು. ಗಡಿಯಂಚಿನ ಹಳ್ಳಿಯಲ್ಲಿ ಜೀವಮಾನವೆಲ್ಲ ಕುರಿಗಳ ಹಿಂದೆ ತಿರುಗಿದವಳು, ಫುಟ್‌ಬಾಲ್ ಕಂಡವಳಲ್ಲ. ಮಗ ಮಾಡಿದ ಘನಂದಾರಿ ಕೆಲಸ ತಿಳಿದಾಗ ಒಂದೇ ಮಾತು ಕೇಳಿದ್ದಳು: "ಕುರುಬರ ಹೊಟ್ಟ್ಯಾಗ ಹುಟ್ಟಿ, ಗಾಳಿ ಯಾವ ಕಡಿಂದ ಬೀಸತೈತಿ ಅನ್ನೂದನ್ನ ನೋಡಲಿಲ್ಲೇನೋ?" ಆ ಮಾತು ಅವನಿಗೆ ಉಳಿದವರ ಬೈಗುಳಕ್ಕಿಂತ ಹೆಚ್ಚು ನಾಟಿತ್ತು.

ಒಂದು ದಿನದಲ್ಲಿ ಎಲ್ಲ ಸರಿ ಮಾಡುತ್ತೇನೆ ಎನ್ನುತ್ತಿದ್ದವನಿಗೆ ಒಂದು ಗೇಟು ಸಾಕೋಸಾಕಾಯಿತು. ಬಂದವರನ್ನೆಲ್ಲ ತಡೆದು ಚೀಲ ತಡಕಲು ಹೋದ. "ನಾ ಏನ ಕಳ್ಳ ಅದೇನೇನು?" ಎಂದು ಒಬ್ಬ ಎದೆಗೆ ಎದೆ ಕೊಟ್ಟ. ಭಂಡಾರ ಬಿಟ್ಟು ಹೋಗು ಎಂದರೆ, ದೇವರದ್ದನ್ನು ಮಣ್ಣಿನಲ್ಲಿ ಚೆಲ್ಲಲೇನು ಎಂದು ಇನ್ನೊಬ್ಬ. ಸಾಲು ಬೆಳೆಯಿತು, ನೂಕಾಟ ಬೆಳೆಯಿತು. ಫೌಂಡ್ರಿಯ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ ವಿಕಾಸ ಗುಂಪಿನ ನಡುವಿನಿಂದ ಕೂಗಿದ:

"ಮಲ್ಲಾರಿ ಮ್ಯಾನೇಜಮೆಂಟಿನ ಚಮಚಾ ಆಗ್ಯಾನ್ರೋ! ಮಲ್ಲಾರಿ, ಹೋಗ ಮನಿಗೆ!"

ಸಾಲಿಗೆ ಸಾಲೇ ಅದನ್ನು ಎತ್ತಿಕೊಂಡಿತು. ತಾನೇ ಕಟ್ಟಿದ ತಾಳ, ತಾನೇ ಕಲಿಸಿದ ಕೂಗು. ಅದು ಒಬ್ಬನ ಎದೆಗೆ ಹೇಗೆ ಬಡಿಯುತ್ತದೆ ಎಂಬುದು ಮಲ್ಲಾರಿಗೆ ಆ ಹೊತ್ತಿನವರೆಗೂ ಗೊತ್ತಿರಲಿಲ್ಲ. ನಿಜಕ್ಕೂ ಮನೆಗೆ ಹೋಗಿಬಿಡೋಣ ಎನ್ನಿಸಿತು.

ಸಾವಿತ್ರವ್ವ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಹೆಗಲ ಮೇಲಿನ ಕರಿ ಕಂಬಳಿಯನ್ನು ತೆಗೆದು ಎರಡು ಸಲ ಝಾಡಿಸಿ, ಗೇಟಿನ ಬದಿಯ ಚೊಕ್ಕ ನೆಲದ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದಳು. ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತು, ತನ್ನ ಸಂಚಿಯಿಂದ ಒಂದು ಹಿಡಿ ಭಂಡಾರ ತೆಗೆದು ಅದರ ನಡುವೆ ಇಟ್ಟು, ಹಣೆ ಮುಟ್ಟಿಸಿ ಎದ್ದಳು.

ಕಂಬಳಿ ಹಾಸಿ ಭಂಡಾರ ಇಟ್ಟರೆ ಅದು ಗದ್ದುಗೆ. ಅಲ್ಲಿಗೆ ಬಂದದ್ದು ದೇವರದು. ಯಾರೂ ತಾವಾಗಿ ಕೈ ಹಾಕಿ ಎತ್ತಿಕೊಳ್ಳುವಂತಿಲ್ಲ, ಕಾರ್ಯ ಮುಗಿದ ಮೇಲೆ ಹಿರಿಯರು ಹಣೆಗೆ ಹಚ್ಚಬೇಕು. ಇದನ್ನು ಅಲ್ಲಿ ನೆರೆದವರಲ್ಲಿ ಅರ್ಧಕ್ಕರ್ಧ ಮಂದಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬರ್ರಿ ಯಪ್ಪಾ, ಇಲ್ಲಿ ಇಟ್ಟು ಒಳಗ ಹೋಗ್ರಿ," ಎಂದಳು ಸಾವಿತ್ರವ್ವ. "ಗೆದ್ರ ಎಲ್ಲಾರ ಹಣೀಗೂ ಹಚ್ಚೂಣು. ದೇವರು ಎಲ್ಲಿಗೂ ಓಡಿಹೋಗೂದಿಲ್ಲ."

ಕೂಗು ತಣ್ಣಗಾಯಿತು. ಮಾಯಪ್ಪ ಎಂಬ ಮುದುಕ ಮೊದಲು ಬಂದ. ಚಪ್ಪಲಿ ಕಳಚಿ, ತನ್ನ ಚೀಲ ಬಿಚ್ಚಿ ಸುರಿದ. ಅವನ ಹಿಂದೆ ಇನ್ನೊಬ್ಬ. ದೇವರ ಗೊಡವೆ ಇಲ್ಲದ ಕಾಲೇಜು ಹುಡುಗರೂ ಪೊಟ್ಟಣ ಬಿಚ್ಚಿದರು. ಕಡೆಗೆ ವಿಕಾಸ ಬಂದ, ಮಲ್ಲಾರಿಯ ಮುಖ ನೋಡದೆ ಜೇಬಿನೊಳಗಿದ್ದದ್ದನ್ನು ಹಾಕಿ ಒಳಗೆ ನುಸುಳಿದ. ಕಂಬಳಿಯ ಮೇಲೆ ಹಳದಿ ಗುಡ್ಡ ಎದ್ದಿತು.

ಒಳಗೆ ಸೀಟಿ ಕೇಳಿಸಿತು. ಮಲ್ಲಾರಿಯ ಜೀವವೆಲ್ಲ ಅತ್ತ ಎಳೆಯುತ್ತಿತ್ತು. ಆದರೆ ಗದ್ದುಗೆಯನ್ನು ಬಿಟ್ಟುಹೋಗುವುದು ಹೇಗೆ? ಯಾರೋ ದಾಟಿದರೆ, ಗಾಳಿ ಎದ್ದರೆ? "ನೀ ಹೋಗಿ ನೋಡವ್ವಾ," ಎಂದು ತಾಯಿಯನ್ನು ಒಳಗೆ ಕಳಿಸಿ, ಗಾಳಿ ಬರುವ ಕಡೆಗೆ ಅಡ್ಡಲಾಗಿ ಕೂತುಕೊಂಡ. ತಂಡದ ಹಣೆಬರಹ ತೀರ್ಮಾನವಾಗುವ ಪಂದ್ಯಕ್ಕೆ ಬೆನ್ನು ಹಾಕಿ!

ಅವಿನಾಶ ಆಗಾಗ ಹೊರಗೆ ಬಂದುಹೋಗುತ್ತಿದ್ದ. ಒಮ್ಮೆ ಐಸಿನ ಡಬ್ಬಿ ಹೊತ್ತುಕೊಂಡು, ಒಮ್ಮೆ ಬಸ್ಸಿನ ಡ್ರೈವರನನ್ನು ಹುಡುಕಿಕೊಂಡು.

"ನೀವೂ ನೋಡವಲ್ಲರಿ?" ಎಂದು ಕೇಳಿದ ಮಲ್ಲಾರಿ.

"ಎಲ್ಲಿ ನೋಡೂದ್ರಿ? ಈ ತಂಡದ ಒಂದು ಆಟಾನೂ ನಾ ಪೂರಾ ನೋಡಿಲ್ಲ," ಎಂದು ನಕ್ಕು ಅವಿನಾಶ ಪಕ್ಕದಲ್ಲೇ ಕೂತ. ನಕ್ಕಾಗ ಅವನು ಇನ್ನೂ ಹುಡುಗನಂತೆ ಕಂಡ.

ಹೊತ್ತು ಇಳಿಯುತ್ತ ಬಂದಿತ್ತು. ಇದ್ದಕ್ಕಿದ್ದಂತೆ ಒಳಗೆ ಇಡೀ ಮೈದಾನ ಹೋ ಎಂದು ಕೂಗಿತು. ಇಬ್ಬರೂ ಎದ್ದು ನಿಂತರು. ಗೋಲು ಹೌದು, ಆದರೆ ಯಾರದು? ಗ್ಯಾಲರಿಯ ಮೇಲೆ ಹಳದಿ ಎದ್ದರೆ ತಮ್ಮದೆಂದು ತಿಳಿಯುವುದು ಮಲ್ಲಾರಿಗೆ ರೂಢಿ. ಇವತ್ತು ಮೇಲೆ ಬರೀ ಆಕಾಶ. ಆಮೇಲೆ ಹಲಗಿ ಸದ್ದು ಮಾಡಿತು. ಒಂದಲ್ಲ, ಎಲ್ಲ ಹಲಗಿಗಳೂ ಒಟ್ಟಿಗೆ.

"ನಮ್ಮದ ರೀ!" ಎಂದು ಮಲ್ಲಾರಿ ಅವಿನಾಶನ ತೋಳು ಹಿಡಿದುಕೊಂಡ. ಕೊನೆಯ ಸೀಟಿ ಬೀಳುವವರೆಗೂ ಬಿಡಲಿಲ್ಲ. ತಂಡ ಗೆದ್ದು ಲೀಗಿನಲ್ಲಿ ಉಳಿದುಕೊಂಡಿತು.

ಗೇಟಿನಿಂದ ಮೊದಲು ಹೊರಬಂದವನು ಸಿದ್ರಾಮ. ಮೈಯೆಲ್ಲ ಮಣ್ಣು. ಬೂಟು ಕಳಚಿ ಕಂಬಳಿಯ ಮುಂದೆ ಕೂತು, ಕಣ್ಣು ಮುಚ್ಚಿ ಹಣೆ ಒಡ್ಡಿದ. ಹಿಂದೆಯೇ ಬಂದ ಸಾವಿತ್ರವ್ವ, ನೀನೇ ಹಚ್ಚು ಎಂದು ಮಗನತ್ತ ಸನ್ನೆ ಮಾಡಿದಳು. ಮಲ್ಲಾರಿ ಎರಡೂ ಅಂಗೈಗೆ ಭಂಡಾರ ಸವರಿಕೊಂಡು, ಹೆಬ್ಬೆರಳನ್ನು ಸಿದ್ರಾಮನ ಹಣೆಗೆ ಒಯ್ದ. ಒಂದು ಕಣವೂ ಕೆಳಗೆ ಉದುರದಂತೆ, ಬಹಳ ಹೊತ್ತು ತೆಗೆದುಕೊಂಡು ಹಚ್ಚಿದ. ಆಮೇಲೆ ಎದ್ದು ಅವಿನಾಶನನ್ನು ಬಿಗಿಯಾಗಿ ಅಪ್ಪಿಕೊಂಡ. ಬಿಟ್ಟಾಗ ಬಿಳಿ ಅಂಗಿಯ ಬೆನ್ನಿಗೆ ಎರಡು ಹಳದಿ ಅಂಗೈಗಳು ಮೂಡಿದ್ದವು.

"ಮುಂದಿನ ವರ್ಷ ಜರ್ಸಿ..." ಎಂದು ಮಲ್ಲಾರಿ ಬಾಯಿ ತೆರೆದ.

"ಮತ್ತ ಚಾಲೂ ಮಾಡಿದ್ರ್ಯಾ?"

"ಬೈಯಾಕಲ್ರಿ. ಮಾಲಕರ ಕಡೆ ಹೋಗೂಮುಂದ ನನ್ನೂ ಕರೀರಿ. ಇಬ್ಬರೂ ಕೂಡಿ ಜಗಳಾಡೂಣು."

ಊರಿನ ದಾರಿಯಲ್ಲಿ ಸಾವಿತ್ರವ್ವ ಬೈಕಿನ ಹಿಂದೆ ಕೂತು ಗೋಲಿನ ಕಥೆ ಹೇಳುತ್ತ ಬಂದಳು. ಬದನೀಕಾಯಿ ಅಂಗಿಯ ಉದ್ದನೆಯ ಹುಡುಗ, ಬೇಲಿಯ ಸಂದಿಯಿಂದ ಟಗರು ನುಸುಳುವ ಹಾಗೆ ಮೂವರ ನಡುವಿನಿಂದ ನುಸುಳಿದನಂತೆ. ಸೀಟಿ ಮಾಸ್ತರ ಸುಮ್ಮನೆ ಹಿಂದೆ ಓಡುತ್ತಿದ್ದನಂತೆ, ಒಂದು ಸಲವೂ ಚೆಂಡು ಒದೆಯಲಿಲ್ಲವಂತೆ, ಅಂಥವನಿಗೇಕೆ ಸಂಬಳ? ಫುಟ್‌ಬಾಲ್ ವಿಷಯದಲ್ಲಿ ಯಾರಿಗೂ ಒಂದು ಮಾತು ಪೂರ್ತಿ ಆಡಲು ಬಿಡದ ಮಲ್ಲಾರಿ ತುಟಿ ಪಿಟಕ್ಕೆನ್ನಲಿಲ್ಲ. ಅವಳು ಮುಗಿಸಿದಾಗ ಬೈಕಿನ ವೇಗ ಇಳಿಸಿ ಹಿಂದಕ್ಕೆ ತಲೆ ವಾಲಿಸಿದ.

"ಇನ್ನೊಮ್ಮೆ ಹೇಳವ್ವಾ," ಎಂದ. "ಮೊದಲಿಂದ."