ಮೂಲಬನದ ಹನ್ನೆರಡನೆಯ ಸದಸ್ಯ

ನಾನೊಂದು ಎತ್ತು. ಹುಟ್ಟಿದ್ದು ಗಾಡಿ ಹೊಡೆಯುವ ಮಾದಯ್ಯನ ಕೊಟ್ಟಿಗೆಯಲ್ಲಿ. ಹೆಗಲು ಬಲಿಯುವ ಮೊದಲೇ ಮೂಗುದಾರ ಬಿತ್ತು. ನನ್ನ ಜೋಡಿ ಸತ್ತ ವರ್ಷ ಮಾದಯ್ಯ ನನ್ನನ್ನು ಸಂತೆಗೆ ಹೊಡೆದ. ಒಂಟಿ ಎತ್ತನ್ನು ಕೇಳುವವರು ಕಟುಕರು ಮಾತ್ರ.

ಅಷ್ಟರಲ್ಲಿ ಗಡ್ಡದವರೊಬ್ಬರು ಬಂದು, ಹಲ್ಲು ನೋಡದೆ, ಸುಳಿ ನೋಡದೆ, ಬರೀ ನನ್ನ ಕಣ್ಣು ನೋಡಿ ಕೊಂಡುಬಿಟ್ಟರು! ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾಗಭೂಷಣ ಮೇಷ್ಟ್ರು. ಯಂತ್ರ, ಹಣ, ಗಡಿಯಾರ ಮನುಷ್ಯನನ್ನು ಕೆಡಿಸಿದವೆಂದು, ಇನ್ನೂ ಹತ್ತು ಜನರೊಂದಿಗೆ ಕೈಗಡಿಯಾರಗಳನ್ನು ಹಾಳುಬಾವಿಗೆ ಎಸೆದು, ಬೆಟ್ಟದ ಬುಡದಲ್ಲಿ ‘ಮೂಲಬನ’ ಕಟ್ಟಿದ್ದರು. ಯಾವ ಜೀವವೂ ಇನ್ನೊಂದಕ್ಕೆ ಅಪ್ಪಣೆ ಮಾಡಕೂಡದು; ಎಲ್ಲರೂ ಒಪ್ಪದೆ ಯಾವ ಕೆಲಸವೂ ನಡೆಯಕೂಡದು. ಅದೇ ಅವರ ಧರ್ಮ.

ಬನಕ್ಕೆ ಕಾಲಿಟ್ಟ ದಿನವೇ ಮೂಗುದಾರ ಕತ್ತರಿಸಿ, "ನೀನಿನ್ನು ಸ್ವತಂತ್ರ ಕಣಪ್ಪಾ" ಎಂದರು. ಬಾಲ ಎತ್ತಿಕೊಂಡು ಬೇಲಿಯ ಸುತ್ತ ಮೂರು ಸುತ್ತು ಓಡಿದೆ!

ಆಮೇಲೆ ಮಳೆ ಬಂತು. ಆ ವರ್ಷ ರಾಗಿ ಬೆಳೆಯದಿದ್ದರೆ ಬನ ಮುಚ್ಚುವುದೆಂದು ಆಣೆ ಮಾಡಿಕೊಂಡಿದ್ದರು. ಮುಚ್ಚಿದರೆ ನನಗೆ ಮತ್ತೆ ಅದೇ ಸಂತೆ. ಮಣ್ಣಿನ ಹದ ಆರುವುದರೊಳಗೆ ಉಳಬೇಕು. ಮೇಷ್ಟ್ರೂ, ಬ್ಯಾಂಕಿನ ಕೆಲಸ ಬಿಟ್ಟು ಬಂದ ವಾರಿಜಮ್ಮನೂ ನೊಗಕ್ಕೆ ಹೆಗಲು ಕೊಟ್ಟರು. ನೇಗಿಲು ಗೇಣು ಸರಿಯಲಿಲ್ಲ.

ಪಕ್ಕದ ಹೊಲದ ಕೆಂಪಮ್ಮಜ್ಜಿ ಬದುವಿನ ಮೇಲಿಂದ ಕೂಗಿದಳು: "ಅಯ್ಯೋ ಸಿವನೇ! ಎತ್ತು ನೆಳ್ಳಲ್ಲಿ ಮೆಲುಕಾಕ್ತದೆ, ಓದ್ದೋರು ನೊಗದಲ್ಲವ್ರೆ! ಅದ್ನ ಕಟ್ರಪ್ಪ!"

"ಅವನ ಒಪ್ಪಿಗೆ ಬೇಕಲ್ಲಜ್ಜೀ," ಮೇಷ್ಟ್ರು ಏದುಸಿರು ಬಿಟ್ಟರು.

"ಕೇಳಿ ಮತ್ತೆ! ಬಾಯಿಲ್ವಾ?"

ಸಭೆ ಸೇರಿತು. ಕೇಳಿದರು. ನಾನು ಅಂಬಾ ಎಂದೆ. ಅದು ಒಪ್ಪಿಗೆಯೋ ಹಸಿವೋ ಎಂದು ಬಿಸಿಲು ನೆತ್ತಿಗೇರುವವರೆಗೂ ಚರ್ಚೆ. ಅತ್ತ ಹದ ಆರುತ್ತಿದೆ! ತಡೆಯಲಾರದೆ ಎದ್ದೆ. ಸಭೆಯನ್ನೇ ಸೀಳಿಕೊಂಡು ನುಗ್ಗಿ, ನೊಗದ ಮುಂದೆ ಕತ್ತು ಬಗ್ಗಿಸಿ ನಿಂತೆ.

ವಾರಿಜಮ್ಮ ಅತ್ತೇಬಿಟ್ಟರು. ಒಂದು ಕಡೆ ನಾನು, ಇನ್ನೊಂದು ಕಡೆ ಮೇಷ್ಟ್ರು, ನೇಗಿಲು ಹಿಡಿದವಳು ಕೆಂಪಮ್ಮಜ್ಜಿ. "ಹೊಯ್, ತಿರುಗು!" ಎಂದರೆ ನನಗಿಂತ ಮೊದಲು ಮೇಷ್ಟ್ರೇ ತಿರುಗುತ್ತಿದ್ದರು. ಅಪ್ಪಣೆ ಮಾಡಕೂಡದೆಂದು ಅವಳಿಗೆ ಹೇಳುವ ಧೈರ್ಯ ಹನ್ನೊಂದು ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಸಂಜೆಯೊಳಗೆ ಆ ತುಂಡುಹೊಲ ಪೂರಾ ಉತ್ತೆವು!

ರಾಗಿ ಬೆಳೆಯಿತು, ಬನ ಉಳಿಯಿತು, ನನ್ನನ್ನು ಸದಸ್ಯನೆಂದು ಸೇರಿಸಿಕೊಂಡರು. ಅಂದಿನಿಂದ ಪ್ರತಿ ಮುಂಗಾರಿಗೂ ಅವರು ಕೇಳುವುದು, ನಾನು ಎದ್ದು ಹೋಗುವುದು, ಅದು ನನ್ನ ನಿಜವಾದ ಇಚ್ಛೆಯೇ ಎಂದು ಅರ್ಧ ದಿನ ಸಭೆ.

ಈ ವರ್ಷವೂ ಕೇಳಿದರು. ಮಂಡಿ ಏಳಲಿಲ್ಲ. ಮಲಗಿಯೇ ಇದ್ದೆ. ಮೇಷ್ಟ್ರು ನನ್ನ ಮುಖ ನೋಡಿದರು, ತಮ್ಮ ಮಂಡಿ ಸವರಿಕೊಂಡರು, ಪಕ್ಕದಲ್ಲೇ ಕುಳಿತುಬಿಟ್ಟರು. ಉಳಿದವರು ಎದ್ದು ಹೊಲದ ಕಡೆ ಹೋದರು. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಮಾತು ಚರ್ಚೆಯಿಲ್ಲದೆ ಅಂಗೀಕಾರವಾಯಿತು.