ಬೇಚರಾಕ್ ನಂಜಯ್ಯ

ಕರೆಂಟ್ ಕಂಬಕ್ಕೆ ಏಣಿ ಒರಗಿಸಿ ರವೀಂದ್ರ ಫ್ಲೆಕ್ಸಿನ ಎರಡನೇ ತುದಿ ಕಟ್ಟುತ್ತಿದ್ದಾಗ, ಕೆಳಗೆ ಚಪ್ಪರದಲ್ಲಿ ಅಳು ಒಮ್ಮೆಲೇ ನಿಂತಿತು. ಅಳುತ್ತಿದ್ದವಳು ಸುಬ್ಬಮ್ಮ, ಸತ್ತವನ ಹೆಂಡತಿ. ನಿಲ್ಲಿಸಿದ್ದು ಪಕ್ಕದ ಮನೆಯ ಅನಸೂಯಮ್ಮ, ಅದೂ ಫ್ಲೆಕ್ಸನ್ನು ಗಟ್ಟಿಯಾಗಿ ಓದಿ.

“ಬೇಚರಾಕ್ ಗ್ರಾಮದ ನಂಜಯ್ಯನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.”

“ಯಾವ್ ಗ್ರಾಮ ಅಂದೆ ಅನ್ಸೂಯಾ? ಇನ್ನೊಂದ್ ಕಿತ ಓದು.”

ಓದಿದಳು. ಸುಬ್ಬಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಎದ್ದೇಬಿಟ್ಟಳು. “ಲೇ ರವಿ, ಇಳಿಯಲಾ ಕೆಳಕ್ಕೆ! ನಿನ್ ಬಾಯಿಗ್ ಮಣ್ಣಾಕ! ಅದು ಊರು ಅಂತ ಯಾರ್ಲಾ ಏಳಿದ್ದು ನಿಂಗೆ?”

ರವೀಂದ್ರ ಆ ವಾರ್ಡಿನಿಂದ ಹೊಸದಾಗಿ ಗೆದ್ದ ಪಂಚಾಯ್ತಿ ಮೆಂಬರು, ಇನ್ನೂ ಮೂವತ್ತು ತುಂಬದವನು. ಬೆಳಿಗ್ಗೆಯೇ ಅರಕಲಗೂಡಿಗೆ ಹೋಗಿ, ತಾನೇ ನಿಂತು ಬರೆಸಿಕೊಂಡು ಬಂದಿದ್ದ. “ಎಲ್ರೂ ಅಂಗೇ ಕರೀತಿದ್ರಲ್ಲ ದೊಡ್ಡವ್ವ. ನಾನು ಅವ್ರೂರೇ ಅಂದ್ಕಂಡೆ.”

ಪಾಪ, ಅವನೊಬ್ಬನ ತಪ್ಪೂ ಅಲ್ಲ. ಊರಿನ ಅರ್ಧ ಜನ ಹಾಗೆಯೇ ಅಂದುಕೊಂಡಿದ್ದರು.

✱

ಗೊರೂರಿನಲ್ಲಿ ಅಣೆಕಟ್ಟೆ ಎದ್ದು ಹೇಮಾವತಿ ಹಿಂದಕ್ಕೆ ತುಂಬಿದಾಗ ನಂಜಯ್ಯನ ಊರು ಮುಳುಗಿತು. ಸರ್ಕಾರ ತೋರಿಸಿದ ಈ ಊರಿಗೆ ಬಂದು, ಬಸ್‌ಸ್ಟ್ಯಾಂಡಿನ ಎದುರು ಪಂಚರ್ ಅಂಗಡಿ ಇಟ್ಟ. ಟ್ಯೂಬನ್ನು ಬಾಣಲೆಯ ನೀರಿಗೆ ಅದ್ದಿ ಗುಳ್ಳೆ ಎದ್ದರೆ ಸಾಕು, ಶುರು: “ನೀರು ಏರ್ದಾಗ ನಮ್ಮೂರ್ ಹಗೇವ್‌ನಿಂದ್ಲೂ ಇಂಗೇ ಗುಳ್ಳೆ ಎದ್ದೋ ಕಣ್ಲಾ. ರಾಗಿ ತುಂಬ್ತಿದ್ ಗುಂಡಿ, ಉಸ್ರು ಬುಟ್ಟಂಗಾಯ್ತು.” ಪಂಚರ್ ಹಾಕಿಸಲು ಬಂದವರು ಹೊತ್ತಾಯಿತೆಂದು ಚಡಪಡಿಸುತ್ತಿದ್ದರು.

ಅವನ ಆಸೆ ಒಂದೇ. ಮುಳುಗಿದ ಊರಿನ ಹೆಸರು ಈ ಊರಲ್ಲಿ ಒಂದು ಬೋರ್ಡಿನ ಮೇಲಾದರೂ ಇರಬೇಕು. ಯಾವುದಾದರೂ ಬೀದಿಗಿಟ್ಟರೂ ಸರಿ. ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟ. ಆಗಿನ ಸೆಕ್ರೆಟರಿ ಹಳ್ಳಿಗಳ ಪಟ್ಟಿ ತಿರುವಿ ನೋಡಿದ.

“ಅದು ಬೇಚರಾಕ್ ಗ್ರಾಮ ಕಣ್ರೀ ನಂಜಯ್ಯ. ಅಂದ್ರೆ ಜನವಸತಿ ಇಲ್ಲದ್ದು. ಜನಾನೇ ಇಲ್ದಿದ್ ಊರಿಗೆ ಬೋರ್ಡ್ ಯಾಕೆ?”

“ನಾನಿಲ್ವಾ ಸಾ? ನಾನ್ ಜನ ಅಲ್ವಾ?”

ಸಭೆಗೆ ಸಭೆಯೇ ನಕ್ಕಿತು. ಅವತ್ತಿನಿಂದ ಅವನು ಬೇಚರಾಕ್ ನಂಜಯ್ಯ. ಹಾಗೆ ಕರೆದರೆ ‘ಓ’ ಅನ್ನುತ್ತಿದ್ದ, ನಗುತ್ತಲೂ ಇದ್ದ. ಮನೆಗೆ ಬಂದು ಉಣ್ಣದೆ ಮಲಗುತ್ತಿದ್ದುದು ಸುಬ್ಬಮ್ಮನಿಗೆ ಮಾತ್ರ ಗೊತ್ತು. ಅರ್ಜಿ ಕೊಡುವುದನ್ನಂತೂ ಒಂದು ಸಭೆಗೂ ಬಿಡಲಿಲ್ಲ.

✱

“ಒಂದ್ ಬೋಲ್ಡು ಒಂದ್ ಬೋಲ್ಡು ಅಂತ ಜೀವ ಬುಟ್ರು. ಸತ್ ಮ್ಯಾಲೆ ಬಂದಿರೋ ಒಂದ್ರಾಗೂ ಇದ್ನೇ ಬರ್ಸ್ಬುಟ್ಯಲ್ಲಲಾ!” ಸುಬ್ಬಮ್ಮ ಹೆಣದ ಪಕ್ಕ ಗಟ್ಟಿಯಾಗಿ ಕೂತಳು. “ಇದು ಸರಿಯಾಗೋಗಂಟ ಎತ್ತಾಕ್ ಬುಡಾಕಿಲ್ಲ.”

“ಒತ್ತು ಮೀರ್ತೈತೆ ಸುಬ್ಬಕ್ಕ,” ಎಂದ ಲಕ್ಕಯ್ಯ. ಚಟ್ಟ ಕಟ್ಟಿ ಮುಗಿಸಿ ಕಾಯುತ್ತಿದ್ದ ಮುದುಕ.

“ಮೀರ್ಲಿ ಬುಡು.”

ರವೀಂದ್ರ ಫ್ಲೆಕ್ಸನ್ನು ಬಿಚ್ಚಿ ನೆಲದ ಮೇಲೆ ಹಾಸಿದ. ನೀರಿನ ಟ್ಯಾಂಕಿಗೆ ಹೆಸರು ಬರೆಸಿ ಉಳಿದಿದ್ದ ಬಣ್ಣವನ್ನು ಪಂಚಾಯ್ತಿ ಆಫೀಸಿನಿಂದ ತಂದ. ಬಿಳಿ ಬಳಿದು ‘ಬೇಚರಾಕ್’ ಅಳಿಸಿದ. ಕರಿ ಬಣ್ಣಕ್ಕೆ ಬ್ರಶ್ ಅದ್ದಿ, “ಊರ್ ಯಾವ್ದು ಏಳು ದೊಡ್ಡವ್ವ?” ಎಂದು ಕೇಳಿದ.

“ತೊರೆಕೊಪ್ಪಲು.”

ಹೇಳಿದ್ದೇ ತಡ, ಅವಳಿಗೆ ಮತ್ತೆ ಅಳು ಒತ್ತರಿಸಿ ಬಂತು. ಇದೊಂದು ಮಾತನ್ನು ಯಾರಾದರೂ ಕೇಳಲಿ ಎಂದು ನಂಜಯ್ಯ ಎಷ್ಟು ವರ್ಷ ಕಾದಿದ್ದ!

ಅಷ್ಟು ಹೊತ್ತು ಅವಸರ ಮಾಡುತ್ತಿದ್ದ ಲಕ್ಕಯ್ಯ ಬಂದು ಬಗ್ಗಿದ. “ಅದ್ರ ಕೆಳ್ಗೆ ಜಾಗ ಐತಾ ಮಗಾ? ನಮ್ದು ಅತ್ತಿಗುಡ್ಡೆ. ಅದೂ ನೀರ್ ಪಾಲೇಯ.”

ಬರೆದ. ಹಿಂದಿನಿಂದ ಇನ್ಯಾರೋ ಇನ್ನೊಂದು ಹೆಸರು ಹೇಳಿದರು. ಅದನ್ನೂ ಬರೆದ. ಕೊನೆಗೆ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. “ಒಂಗೆಹಾಳು ಅಂತ ಆಕಪ್ಪ.”

“ಜಾಗ ಮುಗೀತಲ್ಲಜ್ಜಿ. ಇನ್ನುಳ್ದಿರೋದು ಫೋಟೋನೇ.”

“ಅಂಗಿ ಮ್ಯಾಲೆ ಬರಿ,” ಎಂದಳು ಸುಬ್ಬಮ್ಮ. “ಅವ್ರು ಬ್ಯಾಡ ಅನ್ನಾಕಿಲ್ಲ.”

ರವೀಂದ್ರ ಮೊಣಕಾಲೂರಿ, ಫೋಟೋದಲ್ಲಿದ್ದ ನಂಜಯ್ಯನ ಬಿಳಿ ಅಂಗಿಯ ಜೇಬಿನ ಮೇಲೆ ‘ಹೊಂಗೆಹಾಳು’ ಎಂದು ಬರೆದ. ಅಜ್ಜಿಗೆ ಓದು ಬಾರದು. ಒದ್ದೆ ಅಕ್ಷರಗಳ ಹತ್ತಿರ ಬೆರಳು ತಂದು, ಮುಟ್ಟದೆ, ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ಎಳೆದಳು.