ಬಾಗಿಲ ಹಿಂದಿನ ಇಂಗ್ಲಿಷ್

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯಾದಾಗಿನಿಂದ 'ನಮ್ಮನಿಯವರು' ಎಂದೇ ಕಾಲ ಕಳೆದೆ. ಈಗ ಶಹಾಬಾದದ ನಮ್ಮ ಮನೆಯ ಮುಂಬಾಗಿಲ ಕಟ್ಟೆಯ ಮೇಲೆ, ಹೋಗಿಬರುವವರೆಲ್ಲ ನೋಡುವ ಹಾಗೆ ಕುಳಿತು ಹೇಳುತ್ತಿದ್ದೇನೆ: ಮಾಣಿಕಪ್ಪ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಸಾಹುಕಾರ ಮಾಣಿಕಪ್ಪ. 'ಅವರು' ಎಂದೂ ಅನ್ನುವುದಿಲ್ಲ, 'ಅವನು' ಎನ್ನುತ್ತೇನೆ. ಅವನು ಒಳಗೆ ಪಡಸಾಲೆಯಲ್ಲಿ ತೂಗುಮಂಚದ ಮೇಲೆ ಕುಳಿತಿದ್ದಾನೆ. ಹಿತ್ತಲಲ್ಲಿ ಬಾವಿ ತೆರೆದಿದೆ.

ಇದೆಲ್ಲ ಶುರುವಾದದ್ದು ಇಂಗ್ಲಿಷಿನಿಂದ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಕಚೇರಿಗಳಲ್ಲಿ ಉರ್ದು ಹೋಗಿ ಇಂಗ್ಲಿಷ್ ಬಂತು. ಉರ್ದುವಿನಲ್ಲಿ ಮುತ್ತಿನಂತೆ ಬರೆಯುತ್ತಿದ್ದ ಗುಮಾಸ್ತರು ಪರೀಕ್ಷೆ ಪಾಸಾಗದಿದ್ದರೆ ಮನೆಗೆ ಹೋಗಬೇಕಿತ್ತು. ಅಂಥ ಮೂರು ಜನಕ್ಕೆ ನಾಗೇಂದ್ರಪ್ಪ ಮಾಸ್ತರರು ಬೆಳಿಗ್ಗೆ ಪಾಠ ಹೇಳುತ್ತಿದ್ದರು. ಜಾಗ ಕೊಟ್ಟವನು ನನ್ನ ಗಂಡ. 'ನಮ್ಮನ್ಯಾಗ ವಿದ್ಯಾ ನಡೀಲಿ' ಎಂದು ದೊಡ್ಡ ಮನಸ್ಸು ತೋರಿಸಿ, ತಾನು ತೂಗುಮಂಚದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸುತ್ತಿದ್ದಾರೆ ಎಂದು ನಾನು ನಗುತ್ತಿದ್ದೆ.

ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು. ಅದರ ಹಿಂದೆ ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಯಾರೂ ನನಗೆ ಕಲಿಸಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಅಡುಗೆಮನೆಯಲ್ಲಿ ಕಿವಿ ಇದೆ ಎಂದು ಗಂಡಸರಿಗೆ ಹೊಳೆಯುವುದೇ ಇಲ್ಲ.

"ಕೆಲಸ ಮುಗದದ, ಆದ್ರ ಅದರ ಗುರ್ತು ಇನ್ನೂ ನಮ್ಮ ಮುಂದ ಅದ, ಆವಾಗ ಹ್ಯಾವ್ ಇಲ್ಲಾ ಹ್ಯಾಸ್ ಹಚ್ಚಬೇಕು" ಎಂದು ಮಾಸ್ತರರು ಹೇಳುತ್ತಿದ್ದರು. "ನೆವರ್, ಆಲ್ರೆಡಿ, ಆಲ್ವೇಸ್, ಇವೆಲ್ಲಾ ಹ್ಯಾವ್‌ಗೂ ಅದರ ಕ್ರಿಯಾಪದಕ್ಕೂ ನಡುವ ಬಂದು ಕೂಡತಾವ. ಗಂಡ ಹೆಂಡ್ತಿ ನಡುವ ಅತ್ತಿ ಕೂತಂಗ." ಎಲ್ಲರೂ ನಗುತ್ತಿದ್ದರು. ಅವರದೊಂದು ಕಟ್ಟಳೆಯೂ ಇತ್ತು. "ಸುಳ್ಳು ವಾಕ್ಯ ಬ್ಯಾಡ. ನಿಮ್ಮ ಬದುಕಿಂದೇ ಹೇಳ್ರಿ. ಖರೇ ಮಾತು ಲಗೂನ ನೆಪ್ಪಿರತದ."

ಮೂವರಲ್ಲಿ ಒಬ್ಬ ಬಂದೇಅಲಿ. ಅವನ ಅಣ್ಣ ಅಬ್ದುಲ್ ಸಲಾಂ ನನ್ನ ಗಂಡನ ಪಾಲುದಾರ. ಭಂಕೂರ ದಾರಿಯಲ್ಲಿದ್ದ ಕಲ್ಲಿನ ಖಣಿ ಇಬ್ಬರದೂ ಆಗಿತ್ತು. ಮೊದಲು ರಜಾಕಾರರ ಹಾವಳಿ, ಆಮೇಲೆ ಮುಸಲ್ಮಾನರ ಮೇಲೆ ಅದರ ಸೇಡು. ಆ ಸೇಡಿನ ದಿನಗಳಲ್ಲಿ ಅಬ್ದುಲ್ ಸಲಾಂ ಜೀವ ಉಳಿಸಿಕೊಳ್ಳಲು ನಮ್ಮ ಮನೆಗೇ ಬಂದಿದ್ದನಂತೆ. ನಾನಾಗ ಚಿಂಚೋಳಿಯ ತವರಿನಲ್ಲಿದ್ದೆ. "ನಾನೇ ಮುಚ್ಚಿಟ್ಟು, ನಾನೇ ವಾಡಿ ಸ್ಟೇಷನ್ ತನಕ ಬಿಟ್ಟು ಬಂದೆ. ಹೈದರಾಬಾದಕ್ಕ ಹ್ವಾದ" ಎಂದು ನನ್ನ ಗಂಡ ಊರಿಗೆಲ್ಲ ಹೇಳಿದ. ಊರು ಅವನನ್ನು ಧರ್ಮಾತ್ಮ ಎಂದಿತು. ಖಣಿ ಇವನೊಬ್ಬನದಾಯಿತು.

ನಾನು ತವರಿನಿಂದ ಬಂದಾಗ ಹಿತ್ತಲ ಬಾವಿಯ ಮೇಲೆ ಫರಸಿ ಹಾಸಿತ್ತು. ನೀರು ಕೆಟ್ಟಿದೆ ಎಂದ. ದನದ ಕೊಟ್ಟಿಗೆಯಲ್ಲಿ ಅಬ್ದುಲ್ ಸಲಾಂನ ಚಪ್ಪಲಿ ಬಿದ್ದಿದ್ದವು. ಗಡಿಬಿಡಿಯಲ್ಲಿ ಮರೆತು ಹೋದ ಎಂದು ಹೇಳಿ ಅವನ್ನು ಒಲೆಗೆ ಹಾಕಿದ. ವಾಡಿಯ ತನಕ ಮನುಷ್ಯ ಬರಿಗಾಲಲ್ಲಿ ಹೋದನೇ ಎಂದು ಅನ್ನಿಸಿತು. ಅನ್ನಿಸಿದ್ದನ್ನು ನುಂಗಿದೆ. ಗಂಡನ ಮಾತನ್ನು ನಂಬುವುದು ಸುಲಭ, ನಂಬದಿದ್ದರೆ ಅದೇ ಮನೆಯಲ್ಲಿ ಉಣ್ಣಬೇಕು, ಮಲಗಬೇಕು.

ಬಂದೇಅಲಿಯ ಮೊದಲ ವಾಕ್ಯ ಹೀಗಿತ್ತು: "ಮೈ ಬ್ರದರ್ ಹ್ಯಾಸ್ ನಾಟ್ ಯೆಟ್ ಕಮ್ ಬ್ಯಾಕ್." ನನ್ನ ಅಣ್ಣ ಇನ್ನೂ ಮರಳಿ ಬಂದಿಲ್ಲ. ಮಾಸ್ತರರು "ಕರೆಕ್ಟ್" ಎಂದರು. ಕೆಲವು ದಿನ ಬಿಟ್ಟು ಇನ್ನೊಂದು: "ಹೀ ಹ್ಯಾಸ್ ನೆವರ್ ಲೆಫ್ಟ್ ದಿಸ್ ಹೌಸ್." ಅವನು ಈ ಮನೆ ಬಿಟ್ಟು ಹೋಗಿಯೇ ಇಲ್ಲ. ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಮಾಸ್ತರರು ಅದಕ್ಕೂ "ಕರೆಕ್ಟ್" ಎಂದರು, ದನಿ ಮಾತ್ರ ಸಣ್ಣಗಾಗಿತ್ತು. ಎಂಥ ಹೆದರುಪುಕ್ಕಲ ಮನುಷ್ಯ! ನೆವರ್ ಸರಿಯಾದ ಜಾಗದಲ್ಲಿ ಕೂತಿದೆಯೋ ಇಲ್ಲವೋ ನೋಡಿದರು, ಮಾತು ಎಲ್ಲಿಗೆ ಹೋಗಿ ತಾಗಿತೆಂದು ನೋಡಲಿಲ್ಲ.

ಆಗ ನನಗೆ ತಿಳಿಯಿತು. ಬಂದೇಅಲಿ ಕಲಿಯುವುದಕ್ಕಷ್ಟೇ ಬರುತ್ತಿಲ್ಲ. ಈ ಮನೆಯೊಳಗೆ ಕೂರುವುದಕ್ಕೆ, ಮನೆಯೊಡೆಯನ ಎದುರೇ ಆಡಿಬಿಡುವುದಕ್ಕೆ ಬರುತ್ತಿದ್ದಾನೆ. ಒಡೆಯನಿಗೆ ಆ ಭಾಷೆ ಬರುವುದಿಲ್ಲ ಎಂಬ ಧೈರ್ಯ ಅವನಿಗೆ.

ನಿನ್ನೆ ಕ್ರಿಯಾಪದಕ್ಕೆ 'ಟು' ಹಚ್ಚುವ ಪಾಠ. ಬಂದೇಅಲಿ ನಿಧಾನವಾಗಿ ಹೇಳಿದ: "ಐ ಹ್ಯಾವ್ ಆಲ್ವೇಸ್ ವಾಂಟೆಡ್ ಟು ಓಪನ್ ದ ವೆಲ್." ಆ ಬಾವಿ ತೆರೆಯಬೇಕೆಂದು ನನಗೆ ಮೊದಲಿನಿಂದಲೂ ಇದೆ.

ತೂಗುಮಂಚದ ಸರಪಳಿ ಕಿರ್ ಕಿರ್ ಎನ್ನುತ್ತಿದ್ದದ್ದು ಗಕ್ಕನೆ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ.

"ಅವರು ಏನಂದ್ರು, ಮಾಸ್ತರ?" ಎಂದು ನನ್ನ ಗಂಡ ಕೇಳಿದ.

"ಅದು... ಒಂದು ಮನಿ ಕಟ್ಟಸಬೇಕಂತ ಮೊದಲಿಂದ ಆಸೆ ಅದ ಅಂತಾನ್ರಿ" ಎಂದರು ಮಾಸ್ತರರು.

"ಭಾಳ ಛಲೋ. ಕಟ್ಟಸ್ಲಿ" ಎಂದ. ಸರಪಳಿ ಮತ್ತೆ ಕಿರ್‌ಗುಟ್ಟಿತು, ಮೊದಲಿಗಿಂತ ನಿಧಾನವಾಗಿ.

ರಾತ್ರಿ ಊಟಕ್ಕೆ ಕೂತವನು ತುತ್ತು ಕೈಯಲ್ಲಿ ಹಿಡಿದು ತನ್ನಷ್ಟಕ್ಕೆ ಅಂದುಕೊಂಡ: "ಓಪನ್ ದ ವೆಲ್." ಬೆಲ್ಲ ಚಪ್ಪರಿಸಿದಂತೆ ಇನ್ನೊಮ್ಮೆ ಅಂದ. ಆಮೇಲೆ ನನಗೆ ಹೇಳಿದ, "ನಾಳೆ ಖಣಿ ಆಳುಗಳು ಬಂದು ಬಾವಿ ಮ್ಯಾಲಿನ ಫರಸಿ ತೆಗೀತಾರ. ಸಂಜಿಗಿ ಮತ್ತ ಮುಚ್ಚತಾರ. ನೀ ಹಿತ್ತಲಕಡಿ ಬರಬ್ಯಾಡ." ಮಾಸ್ತರರಿಗೂ ಮಿಕ್ಕ ಇಬ್ಬರಿಗೂ ನಾಳೆ ಪಾಠವಿಲ್ಲ ಎಂದು ಹೇಳಿ ಕಳಿಸಿದ್ದೇನೆ ಎಂದ. ಬಂದೇಅಲಿಯ ಹೆಸರು ಹೇಳಲಿಲ್ಲ.

ಕೋಣ ಕಿನ್ನರಿ ಕಲಿತಿತ್ತು. ನಾಲ್ಕು ವರ್ಷದ ಹಿಂದೆ ನುಂಗಿದ್ದು ಗಂಟಲಿಗೆ ಬಂತು.

ಬೆಳಿಗ್ಗೆ ಆಳುಗಳು ಬಂದರು, ಕಲ್ಲು ಎತ್ತಿದರು, ಹೋದರು. ನನ್ನ ಗಂಡ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಬಂದು ಕೂತ. ಅದನ್ನು ನೋಡಿ ನನಗೆ ಅಸಹ್ಯವಾಯಿತು. ಬಂದೇಅಲಿ ಎಂದಿನಂತೆ ಬಂದ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ, ಒಬ್ಬನೇ ಪಡಸಾಲೆಯಲ್ಲಿ ನಿಂತ.

"ಬರ್ರಿ, ಬರ್ರಿ" ಎಂದ ನನ್ನ ಗಂಡ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. "ಮಾಸ್ತರು ತಡಾ ಮಾಡ್ಲಿಕತ್ತಾರ. ಅಲ್ಲಿತನಕ ಹಿತ್ತಲಕ ಹೋಗೂಣು. ಬಾವಿ ತೆಗಿಸೀನಿ. ನೀರು ಹ್ಯಾಂಗ ಅದ ನೋಡೂರಂತ."

ಬಾವಿ ಎಂಬ ಮಾತು ಬಂದೇಅಲಿಯನ್ನು ಹಗ್ಗ ಕಟ್ಟಿ ಎಳೆದಂತೆ ಎಳೆಯುತ್ತಿತ್ತು. ಅವನ ಹೆಜ್ಜೆ ಒಳಕ್ಕೆ ಬರುವುದು ಕೇಳಿತು. ಒಂದು ಹೆಜ್ಜೆ. ಇನ್ನೊಂದು.

ಬಾಗಿಲ ಹಿಂದಿನಿಂದ ನಾನು ಕೂಗಿದೆ: "ಹೀ ಹ್ಯಾಸ್ ಆಲ್ರೆಡಿ ಅಂಡರ್‌ಸ್ಟುಡ್! ಡು ನಾಟ್ ಗೋ!" ಅವನಿಗೆ ಆಗಲೇ ತಿಳಿದಿದೆ, ಹೋಗಬೇಡ. ಕನ್ನಡದಲ್ಲಿ ಯಾಕೆ ಕೂಗಲಿಲ್ಲವೆಂದರೆ, ಈ ಮನೆಯಲ್ಲಿ ನಿಜ ಆಡಿದ ಭಾಷೆ ಅದೊಂದೇ ಆಗಿತ್ತು. ಬಾಯಿಗೆ ಅದೇ ಬಂತು.

ಹೆಜ್ಜೆ ನಿಂತಿತು. ಆಮೇಲೆ ಬಂದೇಅಲಿಯ ದನಿ: "ಕಚೇರಿಗಿ ಹೊತ್ತಾತು ಸಾಹುಕಾರ್ರ." ಓಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಹೋದ. ಕಿಟಕಿಯಿಂದ ನೋಡಿದೆ. ಕಚೇರಿಯ ಕಡೆ ತಿರುಗಲಿಲ್ಲ, ಸ್ಟೇಷನ್ ಕಡೆ ತಿರುಗಿದ. ಚಿತ್ತಾಪುರದ ಠಾಣೆಯ ಅಮೀನನನ್ನು, ಪೊಲೀಸರನ್ನು ಕರೆತರಲು ಹೋದನೋ, ಜೀವ ಉಳಿದರೆ ಸಾಕೆಂದು ದೂರ ಹೋದನೋ, ನನಗೆ ಗೊತ್ತಿಲ್ಲ.

ನನ್ನ ಗಂಡ ಅಡುಗೆಮನೆಯ ಬಾಗಿಲು ತಳ್ಳಿ ನಿಂತ. ಬೈಯಲಿಲ್ಲ. ಹೊಸಬಳನ್ನು ನೋಡುವಂತೆ ನೋಡಿದ.

"ನೀನೂ ಕಲಿತಿ ಏನು?" ಎಂದ. "ಭಾಳ ಛಲೋ ಆತು."

ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಪಕ್ಕದಿಂದ ಹಾದು ಬಂದು ಈ ಕಟ್ಟೆಯ ಮೇಲೆ ಕುಳಿತವಳು ಇನ್ನೂ ಎದ್ದಿಲ್ಲ. ದೊಡ್ಡ ಮನೆಯ ಹೆಂಗಸು ಬೀದಿ ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿ ಓಣಿಯವರು ಬೆರಗಾಗುತ್ತಿದ್ದಾರೆ. ಆಗಲಿ. ಬಿಸಿಲು ಇಳಿಯುತ್ತಿದೆ. ಆಳುಗಳು ಕಲ್ಲು ಮುಚ್ಚಲು ಬರುವ ಹೊತ್ತಾಯಿತು. ಸ್ಟೇಷನ್ ದಾರಿಯಲ್ಲಿ ಯಾರೂ ಕಾಣುತ್ತಿಲ್ಲ.

"ಗುರುಲಿಂಗೀ" ಎಂದು ಒಳಗಿನಿಂದ ಕರೆಯುತ್ತಾನೆ. ಮದುವೆಯ ಹೊಸದರಲ್ಲಿ ನನ್ನನ್ನು ಹೀಗೆ ಹೆಸರು ಹಿಡಿದು ಕರೆಯುತ್ತಿದ್ದ. "ಬಾವಿ ತೆರದದ. ಮುಚ್ಚೂದಕ್ಕ ಮೊದಲ ಒಂದು ಕೊಡ ನೀರು ಸೇದಿಕೊಂಡು ಬಾ."

ನಾನು ಎದ್ದು ನಿಂತೆ. ಓಣಿಯ ಆ ತುದಿಗೂ ಕೇಳುವಂತೆ, ಈ ಸಲ ಕನ್ನಡದಲ್ಲೇ ಕೂಗಿದೆ: "ಏ ಮಾಣಿಕಪ್ಪಾ! ಆ ಬಾವ್ಯಾಗ ಅಬ್ದುಲ್ ಸಲಾಂ ಅದಾನ. ಆ ನೀರು ನಾ ಸೇದಂಗಿಲ್ಲ!"

ಎದುರು ಮನೆಯ ಹೆಂಗಸು ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾಳೆ. ಒಳಗೆ ಸರಪಳಿ ನಿಂತಿದೆ. ಅವನು ಎದ್ದಿದ್ದಾನೆ. ಹೆಜ್ಜೆ ಮುಂಬಾಗಿಲ ಕಡೆಗೆ ಬರುತ್ತಿದೆ. ನಾನು ಇಲ್ಲಿಂದ ಕದಲುವುದಿಲ್ಲ.